ಐದು ವರ್ಷ ಮಾಸದ ಹೊಳಪು

ಇವಾನೊನ ಫಜೀತಿಗೆಲ್ಲ ಮೂಲ ಹೆಬ್ಬೆರಳುದ್ದದ ಒಂದು ಗಾಜಿನ ಶೀಶೆ. ನೋಡಿದರೆ ಮಕ್ಕಳ ಕೆಮ್ಮಿನ ಔಷಧಿಯ ಹಾಗಿತ್ತು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಇರುವೆ ಸಾಲಿನಂಥ ಅಕ್ಷರ: "ಕಾರಿಗೆ ಹಚ್ಚಿದ ಮೇಲೆ ಎರಡು ಗಂಟೆ ಏನೂ ತಾಗಬಾರದು. ಆಮೇಲೆ ಐದು ವರ್ಷ ಏನೂ ಅಂಟುವುದಿಲ್ಲ, ಏನೂ ಅಳಿಯುವುದಿಲ್ಲ."

ಇವಾನೊ ಅದನ್ನು ಮೂರು ಸಲ ಓದಿ ಮೂರು ಸಲವೂ ನಂಬಿದ. ಅಚ್ಚಾದ ಅಕ್ಷರದಲ್ಲಿ ಅವನಿಗೆ ಅಪಾರ ಭಕ್ತಿ. ಇಪ್ಪತ್ತೊಂಬತ್ತು ವರ್ಷದಿಂದ ಪುರಸಭೆಯಲ್ಲಿ ಹುಟ್ಟು-ಸಾವಿನ ದಾಖಲೆ ಬರೆಯುವ ಗುಮಾಸ್ತ. ಪುಸ್ತಕದಲ್ಲಿ ಬರೆಯದಿದ್ದರೆ ನೀವು ಹುಟ್ಟೇ ಇಲ್ಲ ಎಂದು ನಿಮ್ಮ ಮುಖಕ್ಕೇ ಹೇಳುವಷ್ಟು ನಿಷ್ಠೆ.

ಮೋದೆನಾ ಪಕ್ಕದ ಸಾನ್ ವಿತಾಲೆಯಲ್ಲಿ ಗಂಡಸರೆಂದರೆ ಎರಡೇ ಬಗೆ. ಸ್ಪೋರ್ಟ್ಸ್ ಕಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಅಲ್ಲಿಂದ ನಿವೃತ್ತರಾದವರು. ಮೂರನೆಯ ಬಗೆ ಇವಾನೊ ಒಬ್ಬನೇ. ಪುರಸಭೆ ಸೇರುವ ಮೊದಲು ಕಾರ್ಖಾನೆಗೆ ಅರ್ಜಿ ಹಾಕಿದ್ದ. ಅವರು ಅವನ ಕೈಬರಹವನ್ನು ಬಹಳ ಮೆಚ್ಚಿಕೊಂಡು ವಾಪಸ್ ಕಳಿಸಿದ್ದರು. ಆ ಉರಿ ಮೂವತ್ತು ವರ್ಷ ಒಳಗೇ ಕುದಿದು, ಐವತ್ತೇಳನೆಯ ವಯಸ್ಸಿನಲ್ಲಿ ಹೊರಗೆ ಉಕ್ಕಿತು. ಹೆಂಡತಿ ಲೊರೆದಾನಾಳ ಹೊಸ ಅಡುಗೆಮನೆಗೆಂದು ಕೂಡಿಟ್ಟಿದ್ದ ಗಂಟನ್ನು ಬಿಚ್ಚಿ, ರಿಮಿನಿಯ ಒಬ್ಬ ಹಲ್ಲಿನ ಡಾಕ್ಟರರಿಂದ ನಲವತ್ತು ವರ್ಷ ಹಳೆಯ ಕೆಂಪು ಕಾರು ಕೊಂಡು ತಂದ.

ಕೆಂಪು ಎಂದು ಕಾಗದದಲ್ಲಿ ಬರೆದಿತ್ತು. ಹದಿನೇಳು ವರ್ಷ ಸಮುದ್ರದಂಡೆಯ ಬಿಸಿಲಲ್ಲಿ ಬಿದ್ದಿದ್ದ ಕಾರು ಅಸಲಿಗೆ ಮೊರ್ತಡೆಲ್ಲಾದ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಡೆಯ ಆ ದಪ್ಪ ಸಾಸೇಜನ್ನು ತೆಳ್ಳಗೆ ಕೊಯ್ದಾಗ ಬರುತ್ತದಲ್ಲ, ನಾಚಿಕೊಂಡ ಗುಲಾಬಿ, ಅದು. ಅಲ್ಲಲ್ಲಿ ಬಿಳಿ ಮಚ್ಚೆ ಬೇರೆ, ಕೊಬ್ಬಿನ ಚೂರುಗಳ ಹಾಗೆ. ಕಾರು ಊರೊಳಗೆ ಬಂದ ಸಂಜೆಯೇ ಕಾಫಿ ಅಂಗಡಿಯಲ್ಲಿ ಅದಕ್ಕೆ ನಾಮಕರಣವಾಯಿತು: ಇವಾನೊನ ಮೊರ್ತಡೆಲ್ಲಾ.

ಅದನ್ನೂ ಸಹಿಸಬಹುದಿತ್ತು. ಆದರೆ ಮಗಳು ಕಾತಿಯಾಳಿಗೆ ಗಂಡು ಗೊತ್ತಾಗಿದ್ದು ಎಲ್ಲ ಬಿಟ್ಟು ಫೌಸ್ತೊ ಮನೆಯಲ್ಲಿ. ಫೌಸ್ತೊ ಇಡೀ ಜಿಲ್ಲೆಗೆ ಮೊರ್ತಡೆಲ್ಲಾ ಮಾಡಿ ಮಾರುವ ಸಾಹುಕಾರ.

"ಮದುಮಗಳು ನನ್ನ ಮಾಲಿನ ಮೇಲೆ ಕೂತು ಚರ್ಚಿಗೆ ಬರ್ತಾಳೆ ಅಂದ್ರೆ ನನಗೆ ಹೆಮ್ಮೇನೇ ಬೀಗರೇ," ಎಂದಿದ್ದ ಫೌಸ್ತೊ, ನಿಶ್ಚಿತಾರ್ಥದ ಊಟದಲ್ಲಿ, ಎಲ್ಲರಿಗೂ ಕೇಳುವಂತೆ. "ಬೇಡ ಅಂದ್ರೆ ನನ್ನ ಜರ್ಮನ್ ಕಾರಿದೆ. ಉದ್ದ ಇದೆ. ಗೌನಿನ ಸೆರಗು ಮಡಿಸೋದೇ ಬೇಡ."

ಕಾತಿಯಾ ಅಪ್ಪನ ಮುಖ ನೋಡಿದಳು. ಆಮೇಲೆ ಮನೆಯಲ್ಲಿ ಮೆಲ್ಲಗೆ ಹೇಳಿದಳು: "ಅಪ್ಪಾ, ನಿನ್ನ ಕಾರಲ್ಲೇ ಬರ್ತೀನಿ. ಆದ್ರೆ ಅದು ಕೆಂಪಗಿರ್ಬೇಕು. ಮದುವೆ ಹಿಂದಿನ ಸಂಜೆ ಅವರೆಲ್ಲ ಊಟಕ್ಕೆ ಬರ್ತಾರಲ್ಲ, ಅಷ್ಟೊತ್ತಿಗೆ ಆಗಿರ್ಬೇಕು. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ."

ಅಂದಿನಿಂದ ಇವಾನೊ ಚಳಿಗಾಲವೆಲ್ಲ ಆ ಕಾರನ್ನು ತೊಳೆದ, ಜೇಡಿಮಣ್ಣಿನ ಮುದ್ದೆಯಿಂದ ಸವರಿ ಸವರಿ ಬಣ್ಣದ ಸಣ್ಣ ರಂಧ್ರಗಳೊಳಗಿನ ಕೊಳೆ ಎಳೆದ, ಪಾಲಿಶ್ ಯಂತ್ರ ಹಿಡಿದು ಅಂಗೈಯಗಲ ಅಂಗೈಯಗಲವಾಗಿ ಉಜ್ಜಿದ. ಸತ್ತ ಗುಲಾಬಿಯ ಕೆಳಗಿನಿಂದ ನಿಜವಾದ ಕೆಂಪು ಒಂದೊಂದೇ ಗೇಣು ಎದ್ದು ಬಂತು. ಶೀಶೆಯ ಲೇಪವೊಂದು ಬಾಕಿ. ಅದು ಕೂತುಬಿಟ್ಟರೆ ಆ ಕೆಂಪು ಐದು ವರ್ಷ ಹಾಗೇ ಇರುತ್ತದೆ.

ಮೇ ಕೊನೆಯ ಶನಿವಾರ. ಮರುದಿನ ಹತ್ತಕ್ಕೆ ಮದುವೆ. ಬೆಳಿಗ್ಗೆ ಒಂಬತ್ತಕ್ಕೆ ಇವಾನೊ ಅಂಗಳಕ್ಕೆ ಇಳಿದರೆ, ಕಾರಿನ ಅಕ್ಕಪಕ್ಕ ಆಗಲೇ ಇಬ್ಬರು ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು. ಒಬ್ಬ ಎರ್ಮೆಸ್, ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವನು. ಏನೇ ಹೇಳುವ ಮೊದಲು ಮೂಗೇರಿಸಿ ಒಂದು ಸಲ ಮೂಸುವ ಅಭ್ಯಾಸ. ಇನ್ನೊಬ್ಬ ನೆಲ್ಲೊ, ತಗಡಿನ ವಿಭಾಗದವನು. ಅವನದು ಎಲ್ಲದಕ್ಕೂ ಬೆರಳಿನ ಗೆಣ್ಣಿನಿಂದ ಟೊಕ್ ಟೊಕ್ ಕುಟ್ಟಿ ನೋಡುವ ಅಭ್ಯಾಸ, ಎದುರಿನವರ ತಲೆಯೂ ಸೇರಿ.

ಎರ್ಮೆಸ್ ಮೂಸಿದ. "ಬಣ್ಣ ಸುಸ್ತಾಗಿದೆ ಇವಾನೊ. ನೀನು ಉಜ್ಜಿರೋ ಉಜ್ಜಾಟಕ್ಕೆ ಈಗ ಉಳಿದಿರೋದು ಈರುಳ್ಳಿ ಸಿಪ್ಪೆಯಷ್ಟು. ಇನ್ನೊಂದೇ ಒಂದು ಸಲ ಯಂತ್ರ ಮುಟ್ಟಿಸಿದ್ರೆ ಕೆಳಗಿನ ಬೂದು ಕಾಣತ್ತೆ. ತಿಳೀತಾ?"

"ತಿಳೀತು. ಇನ್ನು ಉಜ್ಜೋದಿಲ್ಲ. ಲೇಪ ಅಷ್ಟೇ."

"ಲೇಪದ ಮಾತು ಆಮೇಲೆ," ಎಂದ ನೆಲ್ಲೊ. "ಡಾಕ್ಟರು ಗುದ್ದಿಸಿ ಪುಟ್ಟಿ ತುಂಬಿ ಮಾರಿದ್ದಾನೋ ಏನೋ. ಅಯಸ್ಕಾಂತ ಇದ್ರೆ ತಾ, ಪುಟ್ಟಿ ಇದ್ದಲ್ಲಿ ಅದು ನಿಲ್ಲೋದಿಲ್ಲ."

ಮನೆಯಲ್ಲಿ ಇದ್ದ ಅಯಸ್ಕಾಂತ ಒಂದೇ: ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಸಂತ ಅಂತೋನಿಯವರದು. ನೆಲ್ಲೊ ಸಂತರನ್ನು ಬಾಗಿಲಿಗೆ ಇಟ್ಟ, ಸಂತರು ನಿಂತರು. ಹಿಂದಿನ ಮಡ್‌ಗಾರ್ಡಿಗೆ ಇಟ್ಟ, ನಿಂತರು. ಬಾನೆಟ್ಟಿಗೆ ಇಟ್ಟ, ಸಂತರು ಜಾರುಬಂಡೆಯ ಮೇಲಿನ ಮಗುವಿನ ಹಾಗೆ ಸರ್ರನೆ ಜಾರಿ ನೆಲಕ್ಕೆ ಬಿದ್ದರು.

ಇವಾನೊನ ಹೃದಯವೂ ಅದೇ ದಾರಿಯಲ್ಲಿ ಜಾರಿತು. "ಬಾನೆಟ್ ಪೂರ್ತಿ ಪುಟ್ಟಿನಾ?"

ನೆಲ್ಲೊ ಅವನನ್ನು ಕರುಣೆಯಿಂದ ನೋಡಿದ. ಕಾರ್ಖಾನೆ ಸೇರದವರನ್ನು ಊರು ನೋಡುವುದು ಹಾಗೇ. "ಅಲ್ಯುಮಿನಿಯಂ ಕಣೋ. ಮೈ ಉಕ್ಕು, ಬಾನೆಟ್ ಅಲ್ಯುಮಿನಿಯಂ. ಈ ಕೈಯಲ್ಲೇ ಮುನ್ನೂರು ಬಾನೆಟ್ ಬಡಿದಿದ್ದೀನಿ. ಹಗುರ ಇರ್ಲಿ ಅಂತ."

"ಮಳೆ ಗಿಳೆ ಬಂದ್ರೆ ಏನ್ಮಾಡ್ತೀಯ?" ಎಂದ ಎರ್ಮೆಸ್, ಆಕಾಶ ಮೂಸುತ್ತ.

ಹಾಗಂದದ್ದೇ ತಡ, ಮೂವರೂ ಅಂಗಳದ ಮೂಲೆಗೆ ದಡದಡ ಹೋಗಿ ಅಲ್ಲಿದ್ದ ಹಳೆಯ ಕಬ್ಬಿಣದ ಬೋರಿನ ಹಿಡಿಯನ್ನು ಮುಟ್ಟಿ ಬಂದರು. ಕೆಟ್ಟದ್ದೊಂದು ಕಿವಿಗೋ ಕಣ್ಣಿಗೋ ಬಿದ್ದರೆ ತಕ್ಷಣ ಕಬ್ಬಿಣ ಮುಟ್ಟಬೇಕು. ಇದರಲ್ಲಿ ನಂಬುವ ಬಿಡುವ ಮಾತೇ ಇಲ್ಲ, ಸೀನು ಬಂದರೆ ಸೀನುವುದಿಲ್ಲವೇ, ಹಾಗೆ. ಗಂಡಸರಿಗೆ ಮುಟ್ಟಿಕೊಳ್ಳಲು ಇನ್ನೊಂದು ಉಪಾಯವೂ ಉಂಟು, ಸೊಂಟದ ಕೆಳಗೆ ಕೈ ಹತ್ತಿರವೇ ಇರುತ್ತದೆ, ಆದರೆ ಮೇಲಿನ ಮಹಡಿಯ ಬಾಲ್ಕನಿಯಿಂದ ಇರಿದೆ ಅಜ್ಜಿ ಇಣುಕುತ್ತಿದ್ದಳು.

ಮಳೆಗಿಂತ ದೊಡ್ಡ ಶತ್ರು ಪಾಪ್ಲರ್ ಮರದ ಹತ್ತಿ. ಮೇ ತಿಂಗಳಲ್ಲಿ ನಮ್ಮ ಬಯಲಿನ ತುಂಬ ಅದು ದಿಂಬು ಹರಿದ ಹಾಗೆ ಹಾರುತ್ತದೆ. ಹಸಿ ಲೇಪಕ್ಕೆ ಒಂದು ಎಳೆ ಕೂತರೂ ಐದು ವರ್ಷ ಅಲ್ಲೇ ಸಂಸಾರ ಹೂಡುತ್ತದೆ. ಊರಲ್ಲಿ ದೂಳು ಸುಳಿಯದ ಜಾಗ ಒಂದಿತ್ತು: ಇವಾನೊನ ಬಾಲ್ಯದ ಗೆಳೆಯ ಲೋರಿಸನ ಶೆಡ್ಡು. ಕನ್ನಡಿಯ ಹಾಗಿನ ನೆಲ, ಬಿಗಿಯಾದ ಬಾಗಿಲು. ಲೋರಿಸ್ ತಾನಾಗಿಯೇ ಬಂದು ಕೇಳಿಕೊಂಡಿದ್ದ ಕೂಡ. ತೊಂದರೆ ಏನೆಂದರೆ ಲೋರಿಸ್ ಶವಸಂಸ್ಕಾರದ ಗುತ್ತಿಗೆದಾರ. ಶೆಡ್ಡಿನಲ್ಲಿ ನಿಲ್ಲುತ್ತಿದ್ದುದು ಅವನ ಕರಿ ಗಾಡಿ.

"ಹೆಣದ ಗಾಡಿ ಪಕ್ಕ ಮಲಗೆದ್ದ ಕಾರಲ್ಲಿ ನನ್ನ ಮಗಳು ಮದುವೆಗೆ ಹೋಗ್ಬೇಕಾ?" ಎಂದು ಲೊರೆದಾನಾ ಕೈಯಲ್ಲಿದ್ದ ಕಬ್ಬಿಣದ ಬಾಣಲೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಒಳಗೆ ಯಾರಾದ್ರೂ ಇದ್ರೆ ಬೇರೆ ಮಾತು, ಪಾಪ, ಅವರ ಸರದಿ ಮುಗೀತು. ಖಾಲಿ ಇದ್ರೆ ಅದು ಮುಂದಿನವರನ್ನ ಹುಡುಕ್ತಿರತ್ತೆ. ಅವನು ನಮ್ಮ ಗೇಟಿನ ಹತ್ತಿರ ಬರೋದೇ ಬೇಡ ಅಂತ ಹೇಳು."

ಹೇಳುವ ಧೈರ್ಯ ಇವಾನೊನಿಗೆ ಆಗಲಿಲ್ಲ. ಗೆಳೆಯ ದಿನವೂ ಕಚೇರಿಗೆ ಮರಣಪತ್ರ ತರುವವನು, ನೊಂದುಕೊಳ್ಳುತ್ತಾನೆ. "ಜಾಗ ಆಯ್ತು ಲೋರಿಸ್, ಅಂಗಳದಲ್ಲೇ ಮಾಡ್ತೀನಿ," ಎಂದಷ್ಟೇ ಹೇಳಿ ಜಾರಿಕೊಂಡಿದ್ದ.

ಹೀಗಾಗಿ ಅಂಗಳದಲ್ಲೇ ಬಟ್ಟೆ ಒಣಹಾಕುವ ಹಗ್ಗ ಸುತ್ತ ಬಿಗಿದು, ಯಾರೂ ದಾಟಬಾರದೆಂದು ಪುರಸಭೆಯ ಅಕ್ಷರದಲ್ಲಿ ಒಂದು ಸೂಚನೆ ಬರೆದು ನೇತುಹಾಕಿ, ಮಧ್ಯಾಹ್ನ ಒಂದಕ್ಕೆ ಇವಾನೊ ಶೀಶೆಯ ಮುಚ್ಚಳ ತೆಗೆದ. ಹನಿ ಹನಿಯಾಗಿ ಮೆತ್ತನೆಯ ಬಟ್ಟೆಗೆ ಬಿಟ್ಟು, ಬಾಣಂತಿ ಕೂಸಿಗೆ ಎಣ್ಣೆ ಸವರುವಂತೆ ಬಾಗಿಲು, ಹಿಂಭಾಗ, ಕೊನೆಗೆ ಬಾನೆಟ್ಟು. ನಾಲ್ಕಕ್ಕೆ ಮುಗಿಯಿತು. ಕಾರು ಟೊಮೇಟೊ ಸಾರಿನಲ್ಲಿ ಅದ್ದಿ ತೆಗೆದ ಹಾಗೆ ಹೊಳೆಯುತ್ತಿತ್ತು. ಎರ್ಮೆಸ್ ಮೂಸಲೂ ಮರೆತ.

ನಾಲ್ಕು ಗಂಟೆ ಐದು ನಿಮಿಷಕ್ಕೆ ಮೇಲಿನಿಂದ ನೀರು ಬಿತ್ತು.

"ಅಜ್ಜೀ," ಎಂದು ಇವಾನೊ ಅಂಗಲಾಚಿದ.

"ಏನಪ್ಪ?" ಇರಿದೆ ಅಜ್ಜಿ ಜೆರೇನಿಯಂ ಕುಂಡಗಳ ನಡುವಿನಿಂದ ತಲೆ ಹಾಕಿದಳು. ಕೈಯಲ್ಲಿ ನೀರಿನ ಕ್ಯಾನು.

"ನೀರು ಹಾಕ್ಬೇಡಿ ಅಂತ ಬೆಳಿಗ್ಗೆನೇ ಹೇಳಿದ್ದೆ."

"ಬೆಳಿಗ್ಗೆ ಹಾಕ್ಲಿಲ್ವಲ್ಲಪ್ಪ. ಅದಕ್ಕೇ ಈಗ ಎರಡು ಪಾಲು ಹಾಕಿದೆ."

ಬಾನೆಟ್ಟಿನ ನಟ್ಟನಡುವೆ ಮಣ್ಣು ಬೆರೆತ ನೀರು ನಾಲ್ಕು ಸೀಳಾಗಿ ಹರಿದಿತ್ತು. ಹಸಿ ಇರುವಾಗಲೇ ಒರೆಸಿ ತೆಗೆಯಬೇಕು ಎಂದು ಎರ್ಮೆಸ್. ತೆಗೆದರೆ ಸಾಲದು, ಮೊದಲಿಂದ ಹಚ್ಚಬೇಕು ಎಂದು ನೆಲ್ಲೊ. ಇಬ್ಬರೂ ಸೇರಿ ಇವಾನೊನ ಎರಡು ಕಿವಿಗೆ ಎರಡು ಬಗೆಯ ಉಪದೇಶ. ಬಾನೆಟ್ಟಿನ ಲೇಪವನ್ನೆಲ್ಲ ಒರೆಸಿ, ಒಣಗಿಸಿ, ಶೀಶೆ ತಲೆಕೆಳಗು ಮಾಡಿ ತಳದ ಕೊನೆಯ ಹನಿಗಳನ್ನು ತಟ್ಟಿ ತಟ್ಟಿ ಇಳಿಸಿ ಮತ್ತೆ ಹಚ್ಚಿ ಮುಗಿಸುವಾಗ ಆರು ಗಂಟೆ. ಶೀಶೆ ಬರಿದಾಯಿತು. ಇನ್ನು ಎಂಟರವರೆಗೆ ಬಾನೆಟ್ಟಿಗೆ ಗಾಳಿ ಕೂಡ ಕೇಳಿ ತಾಗಬೇಕು.

ಅಷ್ಟರಲ್ಲಿ ಬಂದರು ದೋನ್ ಅದೆಲ್ಮೊ, ಊರಿನ ಪಾದ್ರಿಗಳು. ನಾಳಿನ ಮದುವೆಯಲ್ಲಿ ಓದಬೇಕಾದ ವಾಕ್ಯಗಳ ಚೀಟಿ ಕೊಡಲು ಬಂದವರು ಕಾರು ನೋಡಿ ಬೆರಗಾದರು. ಅವರ ದನಿ ಮನೆಯಲ್ಲಿ ಮಾತಾಡಿದರೂ ಚರ್ಚಿನ ಗುಮ್ಮಟದಲ್ಲಿ ಸುತ್ತಿ ಬಂದಂತಿರುತ್ತದೆ. "ಇವಾನೋ... ಎಂಥ ಸುಂದರವಾದ ವಾಹನ... ನಿಲ್ಲು ಮಗನೇ... ಆಶೀರ್ವದಿಸುತ್ತೇನೆ," ಎಂದು ಜುಬ್ಬದ ಜೇಬಿನಿಂದ ತೀರ್ಥದ ಸೀಸೆ ತೆಗೆದರು.

ಇವಾನೊ ಹಗ್ಗದೊಳಗೆ ಎರಡು ಕೈ ಚಾಚಿ ಗೋಲ್‌ಕೀಪರನಂತೆ ನಿಂತ. "ಫಾದರ್, ನೀರು ಬೇಡ. ಎಂಟು ಗಂಟೆವರೆಗೆ ಬೇಡ."

"ಇದು ನೀರಲ್ಲ ಮಗನೇ... ತೀರ್ಥ..."

"ಗೊತ್ತು ಫಾದರ್. ಚೀಟಿಯಲ್ಲಿ ಆ ವ್ಯತ್ಯಾಸ ಬರೆದಿಲ್ಲ. ಬೇಕಿದ್ರೆ ಟೈರಿಗೆ ಹಾಕಿ."

"ಟೈರಿಗೆ..." ದೋನ್ ಅದೆಲ್ಮೊ ಸ್ವಲ್ಪ ಹೊತ್ತು ಶಾಸ್ತ್ರ ಯೋಚಿಸಿದರು. ಕಡೆಗೆ ಬಗ್ಗಿ ನಾಲ್ಕೂ ಟೈರಿಗೆ ಮಿತವಾಗಿ ಚಿಮುಕಿಸಿದರು. "ಮೋಕ್ಷ ಕೆಳಗಿನಿಂದಲೂ ಆರಂಭವಾಗಬಹುದು."

ಏಳಕ್ಕೆ ಫೌಸ್ತೊನ ಉದ್ದನೆಯ ಬೂದು ಕಾರು ಬೀದಿಯಲ್ಲಿ ನಿಂತಿತು. ಬೀಗರು ಬೀಗುತ್ತಲೇ ಇಳಿದರು, ಹಿಂದೆ ಬೀಗಿತ್ತಿ ಅರ್ಮಿದಾ, ಕೈಯಲ್ಲಿ ತೊಟ್ಟಿಲಿನಷ್ಟು ದೊಡ್ಡ ಮೊರ್ತಡೆಲ್ಲಾ. ಅಂಗಳಕ್ಕೆ ಕಾಲಿಟ್ಟ ಫೌಸ್ತೊ ಹಗ್ಗದ ಬಳಿ ನಿಂತವನು ನಿಂತೇಬಿಟ್ಟ. ಸಂಜೆಯ ಬಿಸಿಲು ಬಾನೆಟ್ಟಿನ ಮೇಲೆ ಬಿದ್ದು ಅವನ ಮುಖಕ್ಕೇ ಕೆಂಪು ಹಾಯಿಸಿತು.

"ಇದು ಅದೇನಾ?" ಎಂದ.

"ಅದೇ," ಎಂದ ಇವಾನೊ. ಆ ಒಂದು ಮಾತಿಗಾಗಿ ಅವನು ಮೂವತ್ತು ವರ್ಷ ಕಾದಿದ್ದ.

ಫೌಸ್ತೊ ಹೆಂಡತಿಯ ಕಡೆ ತಿರುಗಿ, "ಅದನ್ನ ಒಳಗಿಟ್ಟು ಬಾ," ಎಂದು ಮೊರ್ತಡೆಲ್ಲಾದತ್ತ ಸನ್ನೆ ಮಾಡಿದ. ಅದನ್ನು ಕಾರಿನ ಪಕ್ಕದಲ್ಲಿ ಹಿಡಿದು ನಿಲ್ಲಲು ಈಗ ಅವನಿಗೇ ನಾಚಿಕೆ. "ಬೀಗರೇ, ತಪ್ಪು ತಿಳ್ಕೋಬೇಡಿ. ಮಗಳು ನಿಮ್ಮ ಕಾರಲ್ಲೇ ಬರ್ಲಿ. ಹತ್ತಿರದಿಂದ ನೋಡ್ಬಹುದಾ?"

ಇವಾನೊನ ಕಣ್ಣು ಮಂಜಾಯಿತು. ಮಂಜಾದ ಕಣ್ಣಿನಲ್ಲೇ ಹಗ್ಗ ಬಿಚ್ಚಿದ. "ನೋಡಿ, ನೋಡಿ. ಕೈ ಮಾತ್ರ ಹಿಂದೆ ಇರ್ಲಿ."

ಎಲ್ಲರೂ ಬೆನ್ನ ಹಿಂದೆ ಕೈ ಕಟ್ಟಿ ಬಾನೆಟ್ಟಿನ ಸುತ್ತ ನೆರೆದರು: ಎರ್ಮೆಸ್, ನೆಲ್ಲೊ, ಪಾದ್ರಿಗಳು, ಬೀಗರು, ಮೊರ್ತಡೆಲ್ಲಾ ಒಳಗಿಟ್ಟು ಓಡಿಬಂದ ಬೀಗಿತ್ತಿ, ತಪ್ಪೊಪ್ಪಿಕೊಳ್ಳಲು ಕೆಳಗಿಳಿದಿದ್ದ ಇರಿದೆ ಅಜ್ಜಿ. ಕಿಟಕಿಯಲ್ಲಿ ಬಾಣಲೆ ಹಿಡಿದ ಲೊರೆದಾನಾ, ಅವಳ ಹಿಂದೆ ತಲೆತುಂಬ ಕೂದಲು ಗುಂಗುರಾಗಿಸುವ ಕಬ್ಬಿಣದ ಸುರುಳಿ ಕಟ್ಟಿಕೊಂಡ ಕಾತಿಯಾ. ಬಾನೆಟ್ಟಿನೊಳಗೆ ಏಳು ಮುಖ ಕಾಣುತ್ತಿದ್ದವು, ಕನ್ನಡಿಯಲ್ಲಿ ಕಂಡ ಹಾಗೆ. ಏಳು ಕಾಲು ಗಂಟೆ. ಎಂಟಕ್ಕೆ ಇನ್ನು ಮುಕ್ಕಾಲೇ ಗಂಟೆ.

ಆಗ ಬಾನೆಟ್ಟಿನ ಆ ಕೆಂಪು ಕನ್ನಡಿಯಲ್ಲಿ, ಏಳು ಮುಖಗಳ ಹಿಂದೆ, ಕರಿದಾದ ಉದ್ದನೆಯದೊಂದು ಮೆಲ್ಲಗೆ ಜಾರಿ ಬಂದು ಗೇಟಿನ ನಡುವೆ ನಿಂತಿತು.

ಲೋರಿಸ್. ಗೆಳೆಯನ ಕಾರಿಗೆ ಪಾಪ್ಲರ್ ಹತ್ತಿ ಕೂರುತ್ತಿದೆ ಎಂದು ಕಾಫಿ ಅಂಗಡಿಯಲ್ಲಿ ಕೇಳಿ, ಮನಸ್ಸು ತಡೆಯದೆ, ಹೊದಿಸಲು ತನ್ನಲ್ಲಿದ್ದ ರೇಷ್ಮೆಯ ಹೊದಿಕೆ ಹಿಡಿದು ಬಂದಿದ್ದ. ಗಾಡಿಯ ನಾಲ್ಕು ಕಡೆ ಗಾಜು. ಒಳಗೆ ಹಿತ್ತಾಳೆಯ ಕಂಬಿ, ಬಿಳಿ ಹೂವಿನ ಕುಚ್ಚು, ಬೇರೇನೂ ಇಲ್ಲ. ಪೂರ್ತಿ ಖಾಲಿ.

"ಇವಾನೊ, ಹೆದರ್ಬೇಡ, ನಾನು ಬಂದೆ," ಎಂದ ಲೋರಿಸ್ ಕಿಟಕಿಯಿಂದ.

ಯಾರೂ ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತು ಇಂಥ ವಿಷಯದಲ್ಲಿ ಯಾರೂ ತಗೊಳ್ಳುವುದಿಲ್ಲ. ಬೋರಿನ ಹಿಡಿ ಇದ್ದುದು ಆಚೆ ಮೂಲೆಯಲ್ಲಿ, ಗೇಟಿನಲ್ಲಿ ಗಾಡಿಯೇ ನಿಂತಿದೆ. ಬೆನ್ನ ಹಿಂದಿದ್ದ ಕೈಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡು ಬಂದು ಹತ್ತಿರದ ಕಬ್ಬಿಣದ ಮೇಲೆ ಬಿದ್ದವು.

ಪಟ್.

ಒಬ್ಬೊಬ್ಬರಾಗಿ ಕೈ ಎತ್ತಿದರು. ಎತ್ತುವಾಗ ಮೆಲ್ಲನೆ ಪಿಚಕ್ ಎನ್ನುವ ಸದ್ದು. ಬಾನೆಟ್ಟಿನ ಮೇಲೆ ಎರ್ಮೆಸನ ಅಗಲವಾದ ಕೈ, ನೆಲ್ಲೊನ ಗಂಟು ಬೆರಳು, ಫೌಸ್ತೊನ ಕೈ ಉಂಗುರದ ಸಮೇತ, ಅರ್ಮಿದಾಳದು, ಇರಿದೆ ಅಜ್ಜಿಯ ಗುಬ್ಬಿ ಕಾಲಿನಂಥದು. ಒಂದು ಮೂಲೆಯಲ್ಲಿ ಎರಡೇ ಬೆರಳು, ಆಶೀರ್ವಾದದ ಭಂಗಿಯಲ್ಲಿ. ಪಾದ್ರಿಗಳು ಗುಮ್ಮಟದ ದನಿ ಬಿಟ್ಟು ಕೆಮ್ಮಿದರು. ಇವೆಲ್ಲದರ ನಟ್ಟನಡುವೆ, ಎಲ್ಲಕ್ಕಿಂತ ಆಳವಾಗಿ, ಗೆರೆ ಗೆರೆಯೂ ಎದ್ದು ಕಾಣುವಂತೆ ಒತ್ತಿದ್ದ ಅಂಗೈ ಇವಾನೊನದೇ.

"ಒರೆಸೋಣ, ಒರೆಸೋಣ," ಎಂದ ಇವಾನೊ, ಬಟ್ಟೆ ಹುಡುಕುತ್ತ.

ಎರ್ಮೆಸ್ ಬಗ್ಗಿ ಮೂಸಿದ. "ಹಿಡ್ಕೊಂಡುಬಿಟ್ಟಿದೆ. ಈಗ ಯಂತ್ರದಲ್ಲಿ ಉಜ್ಜಿದ್ರೇ ಹೋಗೋದು. ಉಜ್ಜಿದ್ರೆ ಬಣ್ಣಾನೂ ಹೋಗತ್ತೆ."

"ಐದು ವರ್ಷ," ಎಂದ ಇವಾನೊ.

"ಐದು ವರ್ಷ."

ಅಷ್ಟರಲ್ಲಿ ನೆಲ್ಲೊ ತನ್ನ ಅಂಗೈಯನ್ನು ನೋಡಿಕೊಂಡ. ಬಾನೆಟ್ಟನ್ನು ನೋಡಿದ. ಗೆಣ್ಣಿನಿಂದ ಒಂದು ಸಲ ಟೊಕ್ ಎಂದು ಕುಟ್ಟಿದ.

"ಇದು ಅಲ್ಯುಮಿನಿಯಂ," ಎಂದ. "ಲೆಕ್ಕಕ್ಕೆ ಬರೋದಿಲ್ಲ."

ಮರುಕ್ಷಣ ಅಂಗಳದ ಮೂಲೆಯಲ್ಲಿ ಬೋರಿನ ಹಿಡಿಗೆ ನೂಕುನುಗ್ಗಲು. ಫೌಸ್ತೊ ಎಲ್ಲರಿಗಿಂತ ಮುಂದೆ, ಅವನ ಕೋಟು ಹಿಡಿದು ಅರ್ಮಿದಾ, ಪಾದ್ರಿಗಳನ್ನು ಮೊಣಕೈಯಿಂದ ಸರಿಸಿ ಇರಿದೆ ಅಜ್ಜಿ. ಒಬ್ಬೊಬ್ಬರೂ ಎರಡೆರಡು ಸಲ ಮುಟ್ಟಿ ನೆಮ್ಮದಿಯ ಉಸಿರು ಬಿಟ್ಟರು.

ಇವಾನೊ ಹೋಗಲಿಲ್ಲ. ಅವನು ಬಟ್ಟೆಯ ತುದಿಗೆ ಬಾಯಿಯ ಆವಿ ಊದಿ ಊದಿ, ಅಜ್ಜಿಯ ಕಿರುಬೆರಳನ್ನಾದರೂ ಅಳಿಸಬಹುದೇ ಎಂದು ನೋಡುತ್ತಿದ್ದ. ಪಕ್ಕದಲ್ಲಿ ಲೋರಿಸ್ ರೇಷ್ಮೆ ಹೊದಿಕೆ ಎದೆಗೆ ಅವುಚಿ ನಿಂತಿದ್ದ. "ನಿನಗೇ ಅಂತ ಇಸ್ತ್ರಿ ಮಾಡಿಸಿ ತಂದೆ ಮಾರಾಯ," ಎಂದ, ಅಳು ಬಂದವನಂತೆ. ಇವಾನೊ ಅವನ ಬೆನ್ನು ತಟ್ಟಬೇಕಾಯಿತು.

ಕಾತಿಯಾ ಸುರುಳಿ ತಲೆಯಲ್ಲೇ ಇಳಿದು ಬಂದಳು. ಬಾನೆಟ್ಟನ್ನು ಬಹಳ ಹೊತ್ತು ನೋಡಿದಳು. "ಕೆಂಪಗಿದೆ ಅಪ್ಪಾ," ಎಂದಳು. "ನಾನು ಹೇಳಿದ್ದು ಕೆಂಪಗಿರ್ಬೇಕು ಅಂತ ತಾನೇ? ಕೈ ಇರಬಾರದು ಅಂತ ಹೇಳ್ಲಿಲ್ಲ. ನಾನು ಇದರಲ್ಲೇ ಬರ್ತೀನಿ."

ಇವಾನೊ ತಲೆ ಎತ್ತಿದ. ಲೋಕ ಮತ್ತೆ ಸರಿಯಾಗುತ್ತಿದೆ ಎನಿಸಿತು.

ಆಗ ಕಿಟಕಿಯಿಂದ ಲೊರೆದಾನಾ, ಬಾಣಲೆ ಬಿಡದೆ, ಒಂದು ಪ್ರಶ್ನೆ ಕೇಳಿದಳು. "ಇವಾನೊ, ನೀನು ಬೋರು ಮುಟ್ಟಿದ್ಯಾ?"

"ಇಲ್ಲ... ಕಾರು ಒರೆಸ್ತಿದ್ದೆ..."

ಎಲ್ಲರೂ ಗಡಿಯಾರ ನೋಡಿದರು. ಏಳೂವರೆ. ಖಾಲಿ ಗಾಡಿ ಬಂದು ಕಾಲು ಗಂಟೆಯಾಗಿತ್ತು. ಈಗ ಮುಟ್ಟಿ ಏನೂ ಪ್ರಯೋಜನವಿಲ್ಲ. ಅಷ್ಟು ಹೊತ್ತು ಯಾವ ಕೇಡೂ ಬಾಗಿಲಲ್ಲಿ ಕಾಯುವುದಿಲ್ಲ. ಫೌಸ್ತೊ, ಪಾಪ, ಬಹಳ ಮೆತ್ತಗೆ ಹೇಳಿದ: "ಬೀಗರೇ, ನಿಮ್ಮ ಕಾರಿನ ಬಗ್ಗೆ ನನ್ನ ತಕರಾರಿಲ್ಲ. ಡ್ರೈವರ್ ಬಗ್ಗೆ." ದೋನ್ ಅದೆಲ್ಮೊ, ಇಂಥ ಮೂಢನಂಬಿಕೆಗಳನ್ನು ಚರ್ಚು ಒಪ್ಪುವುದಿಲ್ಲ ಎಂದು ಎಲ್ಲರಿಗೂ ನೆನಪಿಸಿ, ಕಾತಿಯಾ ಬೂದು ಕಾರಿನಲ್ಲಿ ಹೋಗುವುದೇ ಕ್ಷೇಮ ಎಂದರು. ಕಾತಿಯಾ ಅತ್ತಳು, ವಾದಿಸಿದಳು. ಅಮ್ಮ ಬಾಣಲೆ ಕೆಳಗಿಡಲಿಲ್ಲ.

ಭಾನುವಾರ ಬೆಳಿಗ್ಗೆ ಹೀಗೆ ಮೆರವಣಿಗೆ ಹೊರಟಿತು: ಮುಂದೆ ಜರ್ಮನ್ ಕಾರಿನಲ್ಲಿ ಮದುಮಗಳು, ಸೆರಗು ಮಡಿಸದೆ. ಹಿಂದೆ ಇವಾನೊ, ಒಬ್ಬನೇ, ಜಗತ್ತಿನ ಅತ್ಯಂತ ಕೆಂಪಾದ ಕಾರಿನಲ್ಲಿ, ಬಾನೆಟ್ಟಿನ ಮೇಲೆ ಏಳು ಕೈ ಹೊತ್ತು. ಇಕ್ಕೆಲದಲ್ಲಿ ಜನ ನಿಂತಿದ್ದರು. ಬೂದು ಕಾರು ಹಾದಾಗ ಅಕ್ಕಿ ಎರಚಿದರು, ಕೈ ಬೀಸಿದರು. ಕೆಂಪು ಕಾರು ಹತ್ತಿರ ಬಂದಾಗ ಬೀಸುತ್ತಿದ್ದ ಕೈಗಳು ನಿಂತವು. ಶನಿವಾರ ರಾತ್ರಿಯೇ ಸುದ್ದಿ ಕಾಫಿ ಅಂಗಡಿ ತಲುಪಿತ್ತು. ಕಬ್ಬಿಣ ಮುಟ್ಟದ ಮನುಷ್ಯ ಬರುತ್ತಿದ್ದಾನೆ. ಒಬ್ಬ ಸೈಕಲ್ಲಿನ ಹ್ಯಾಂಡಲ್ ಮುಟ್ಟಿದ, ಒಬ್ಬಳು ಅಂಗಡಿಯ ಷಟರ್, ಇನ್ನೊಬ್ಬ ಜೇಬಿನೊಳಗಿನ ಬೀಗದ ಕೈ. ಸಾಲಾಗಿ, ಬೀದಿಯುದ್ದಕ್ಕೂ, ಲೋರಿಸನ ಗಾಡಿ ಬಂದಾಗ ಮಾಡುವ ಹಾಗೆಯೇ.

ಇವಾನೊ ಅದನ್ನೆಲ್ಲ ನೋಡುತ್ತ ನೋಡುತ್ತ, ಅಭ್ಯಾಸಬಲದಿಂದ ತಾನೂ ಕೈ ಚಾಚಿ ಗೇರಿನ ತಣ್ಣನೆಯ ಗುಂಡನ್ನು ಭದ್ರವಾಗಿ ಹಿಡಿದುಕೊಂಡ. ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು.

ಅದೂ ಅಲ್ಯುಮಿನಿಯಮ್ಮೇ ಎಂದು ನೆಲ್ಲೊ ಹೇಳಿದ್ದು ಮದುವೆಯ ಊಟದಲ್ಲಿ.